ಸಚಿತ್ರ ದಿನಚರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಿಂದೂಪುರದಿಂದಲೂ ಕಲ್ಯಾಣದುರ್ಗದ ಕಡೆಯಿಂದಲೂ ಇಷ್ಟು ಮಂದಿ ಒಂದೆಡೆ ನೆರೆದಿರುವುದನ್ನು ಕಂಡು ನಮಗೆ ಸಂತೋಷವಾಗಿದೆ. ಬಹುಕಾಲ ಈ ಎರಡು ಊರುಗಳೂ ಅನಂತಪುರ ಜಿಲ್ಲೆಗೆ ಸೇರಿದ್ದವು. 2022ನೆಯ ಇಸವಿಯಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬೇರೆಯಾದರೂ ನಮ್ಮ ಮಕ್ಕಳ ಸ್ಥಿತಿ ಒಂದೇ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಅಂಥ ಮಕ್ಕಳು ದಿನಕ್ಕೊಂದು ಚಿತ್ರವನ್ನು ಬರೆದು, ಅದರ ಕೆಳಗೆ ನಾಲ್ಕು ಸಾಲು ಬರೆಯುವ ಅಭ್ಯಾಸವನ್ನು ಏಕೆ ಇಟ್ಟುಕೊಳ್ಳಬೇಕೆಂಬುದನ್ನು ಈ ದಿನ ನಿಮ್ಮ ಮುಂದೆ ಹೇಳಬೇಕೆಂದಿದ್ದೇವೆ. ಚಿತ್ರಕಲೆಯಲ್ಲಿ ನಮಗೆ ಪಾಂಡಿತ್ಯವಿಲ್ಲ. ನಾವು ಬರೆದ ಎತ್ತನ್ನು ಕಂಡವರು ಮೇಕೆಯೇ ಎಂದು ಕೇಳುವುದುಂಟು.

ಕೆಲವು ವರ್ಷಗಳ ಹಿಂದೆ ಕಲ್ಯಾಣದುರ್ಗದ ಸೀಮೆಯ ಒಂದು ಶಾಲೆಯಲ್ಲಿ ಕಡಲೆಕಾಯಿ ಗಿಡದ ಚಿತ್ರವನ್ನು ಬರೆಯುವಂತೆ ಮಕ್ಕಳಿಗೆ ಹೇಳಿದೆವು. ಆ ಕಡೆಯ ಕೆಂಪು ನೆಲದಲ್ಲಿ ಕಡಲೆಕಾಯಿಯೇ ಬದುಕು. ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಅಂಥ ಹೊಲದ ಮಗನಾದ ಹುಡುಗನೊಬ್ಬನು ಕಾಯಿಗಳನ್ನು ಬದನೆಕಾಯಿಯಂತೆ ಕೊಂಬೆ ಕೊಂಬೆಗೂ ತೂಗುಬಿಟ್ಟಿದ್ದನು. ನಾವು ನಗಲಿಲ್ಲ. ಮರುದಿನ ಗಿಡದ ಬಳಿಯಲ್ಲೇ ಕುಳಿತು ಬರೆದು ತರುವಂತೆ ಹೇಳಿದೆವು. ಅವನು ಕುಳಿತನು. ಬುಡದ ಹತ್ತಿರ ಹಳದಿಯ ಹೂವನ್ನು ಕಂಡನು. ಹೂ ಬಾಡಿದ ಮೇಲೆ ಅಲ್ಲಿಂದ ಸೂಜಿಯಂಥ ಒಂದು ಕಡ್ಡಿ ಹೊರಟು, ಕೆಳಮುಖವಾಗಿ ಬಾಗಿ, ಮಣ್ಣನ್ನು ಹೊಕ್ಕು, ಅದರ ತುದಿಯಲ್ಲಿ ಕಾಯಿ ಕಟ್ಟುವುದನ್ನು ಕಂಡನು. ನಾವು ನೆಲಗಡಲೆ ಎನ್ನುತ್ತೇವೆ; ತೆಲುಗಿನವರು ವೇರುಶನಗ, ಎಂದರೆ ಬೇರಿನ ಕಡಲೆ ಎನ್ನುತ್ತಾರೆ. ಕಾಯಿಯ ಠಾವು ಎಲ್ಲಿಯದೆಂದು ಎರಡು ಹೆಸರುಗಳೂ ಹೇಳುತ್ತಲೇ ಇದ್ದವು. ಆದರೆ ಅದು ಬೇರಿನಲ್ಲಿ ಬಿಡುವುದಲ್ಲ, ಹೂವಿನಿಂದ ಇಳಿದದ್ದು ಎಂಬುದು ಹುಡುಗನ ಸೀಸದ ಕಡ್ಡಿಗೆ ಸಿಕ್ಕಿತು. ಅವನ ತಂದೆಗೆ ಇದೆಲ್ಲವೂ ಗೊತ್ತಿದ್ದುದೇ. ಮಗ ಕೇಳಿರಲಿಲ್ಲ, ತಂದೆ ಹೇಳಿರಲಿಲ್ಲ, ಅಷ್ಟೆ.

ಹುಡುಗನ ತಪ್ಪು ಒಂದೇ ದಿನದಲ್ಲಿ ತಿದ್ದಿಹೋಯಿತು. ನಮ್ಮದು ಅಷ್ಟು ಸುಲಭವಾಗಿ ತಿದ್ದಲಿಲ್ಲ. ಒಂದು ಸಂಜೆ ನಮ್ಮ ಮೊಮ್ಮಗಳು, "ತಾತಾ, ಕಪಿಲೆ ಎಂದರೇನು?" ಎಂದು ಕೇಳಿದಳು. ನಮ್ಮ ಬಾಲ್ಯದಲ್ಲಿ ಮನೆಯ ಹಿಂದೆಯೇ ಕಪಿಲೆ ಬಾವಿಯಿತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿಯುವುದು, ತೊಗಲಿನ ದೊಡ್ಡ ಚೀಲ ನೀರು ತುಂಬಿಕೊಂಡು ಮೇಲೇರುವುದು, ರಾಟೆಯ ಕಿರುಗುಟ್ಟುವಿಕೆ, ಹಗ್ಗದ ಮೇಲೆ ಕುಳಿತ ನಮ್ಮ ತಂದೆಯವರ ಹಾಡು, ಇವನ್ನೆಲ್ಲ ಬಹಳ ರಸವತ್ತಾಗಿ ವರ್ಣಿಸಿದೆವು. ಮಗು ಕೊನೆಯವರೆಗೂ ಕೇಳಿ, ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಮುಂದಿಟ್ಟು, "ಬರೆದು ತೋರಿಸಿ ತಾತಾ" ಎಂದಿತು. ಬಾವಿಯನ್ನು ಬರೆದೆವು, ಎತ್ತುಗಳನ್ನು ಬರೆದೆವು, ಚೀಲವನ್ನು ಬರೆದೆವು, ಅದಕ್ಕೊಂದು ಹಗ್ಗವನ್ನೂ ಬರೆದೆವು. ಇನ್ನೊಂದು ಹಗ್ಗವಿತ್ತೆಂಬ ನೆನಪು ಬಂದಿತು. ಅದನ್ನು ಎಲ್ಲಿಗೆ ಕಟ್ಟುತ್ತಿದ್ದರು, ಅದರ ಕೆಲಸವೇನು? "ಮೇಲೆ ಬಂದ ನೀರನ್ನು ಯಾರು ಸುರಿಯುತ್ತಿದ್ದರು?" ಎಂದು ಮಗು ಕೇಳಿತು. ಯಾರೂ ಸುರಿಯುತ್ತಿರಲಿಲ್ಲ, ತಾನಾಗಿಯೇ ಸುರಿಯುತ್ತಿತ್ತು. ಹೇಗೆಂದು ಹೇಳಲಾರದೆ ಹೋದೆವು. ಸಾವಿರ ಸಲ ಕಂಡ ನೋಟವನ್ನು ಒಂದು ಸಲವೂ ನೋಡಿರಲಿಲ್ಲ. ತಂದೆಯವರು ತೀರಿಹೋಗಿದ್ದಾರೆ, ವಿದ್ಯುತ್ ಪಂಪು ಬಂದ ಮೇಲೆ ತೊಗಲಿನ ಚೀಲವು ಅಟ್ಟಕ್ಕೆ ಏರಿ ಇಲಿಗಳ ಪಾಲಾಯಿತು. ಎರಡನೆಯ ಹಗ್ಗದ ಸಂಗತಿಯನ್ನು ಆಮೇಲೆ ಹೇಳುತ್ತೇವೆ.

ದಿನನಿತ್ಯದ ಬದುಕನ್ನು ಚಿತ್ರದಲ್ಲಿ ಹಿಡಿದಿಡುವುದು ಪರದೇಶದ ಪದ್ಧತಿಯೆಂದು ಯಾರೂ ತಿಳಿಯಬಾರದು. ಅದರ ದೊಡ್ಡ ಮಾದರಿಯೊಂದು ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, ಎಂದರೆ 1529ರಿಂದ 1542ರ ಅವಧಿಯಲ್ಲಿ, ವಿರೂಪಣ್ಣ, ವೀರಣ್ಣ ಎಂಬ ಸೋದರರು ಅಲ್ಲಿಯ ವೀರಭದ್ರ ದೇವಾಲಯವನ್ನು ಬೆಳೆಸಿದರು. ಅಲ್ಲಿಯ ಶಾಸನಗಳಲ್ಲಿ ಕನ್ನಡದವೂ ಇವೆ. ಮಂಟಪದ ಮೇಲ್ಛಾವಣಿಯಲ್ಲಿ ಗಾರೆಯ ಮೇಲೆ ಚಿತ್ರಕಾರರು ಶಿವಪಾರ್ವತಿಯರ ವಿವಾಹವನ್ನೂ ಕಿರಾತಾರ್ಜುನರನ್ನೂ ದ್ರೌಪದಿಯ ಸ್ವಯಂವರವನ್ನೂ ಬರೆದಿದ್ದಾರೆ. ಕಥೆ ಪುರಾಣದ್ದು, ಆದರೆ ಉಡಿಗೆ ಯಾರದು? ಆ ಸ್ತ್ರೀಯರ ಸೀರೆಗಳನ್ನು ನೋಡಿರಿ: ಒಂದರಲ್ಲಿ ಪಟ್ಟೆ, ಒಂದರಲ್ಲಿ ಚೌಕಳಿ, ಒಂದರಲ್ಲಿ ಹೂ. ತುರುಬನ್ನು ಕಟ್ಟಿದ ಬಗೆ, ಕಿವಿಯ ಓಲೆ, ಗಂಡಸರ ತಲೆಯ ಎತ್ತರದ ಕುಲಾವಿ, ಇವೆಲ್ಲ ಚಿತ್ರಕಾರನು ಆ ದಿನ ತನ್ನ ಸುತ್ತ ಕಂಡವು. ದೇವರನ್ನು ಬರೆಯುವ ನೆಪದಲ್ಲಿ ಅವನು ತನ್ನ ನೆರೆಹೊರೆಯವರನ್ನು ಬರೆದಿಟ್ಟನು. ಸುಮಾರು ಐದುನೂರು ವರ್ಷಗಳ ಹಿಂದಿನ ಸೀರೆಯೊಂದು ನಮ್ಮ ಪೆಟ್ಟಿಗೆಗಳಲ್ಲಿ ಉಳಿದಿಲ್ಲ. ಅದರ ಅಂಚು ಮಾತ್ರ ಆ ಛಾವಣಿಯಲ್ಲಿ ಉಳಿದಿದೆ, ಅದೂ ಅಲ್ಲಲ್ಲಿ ಉದುರುತ್ತಿದೆ. ನಮ್ಮ ಜನರು ಲೇಪಾಕ್ಷಿಗೆ ಹೋದರೆ ನೆಲಕ್ಕೆ ತಾಗದ ಕಂಬದ ಅಡಿಯಲ್ಲಿ ಟವಲನ್ನು ತೂರಿಸಿ, ಆಶ್ಚರ್ಯಪಟ್ಟು, ಚಿತ್ರಾನ್ನವನ್ನು ಉಂಡು ಹಿಂತಿರುಗುತ್ತಾರೆ. ಕತ್ತೆತ್ತಿ ನೋಡುವವರು ವಿರಳ. ಮುಂದಿನ ಸಲ ಹೋದಾಗ ಕಂಬವನ್ನು ಅದರ ಪಾಡಿಗೆ ಬಿಟ್ಟು, ಒಂದೇ ಒಂದು ಸೀರೆಯ ಅಂಚನ್ನು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ.

ಇನ್ನೊಂದು ನಿದರ್ಶನವನ್ನು ಚುಟುಕಾಗಿ ಹೇಳುತ್ತೇವೆ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. ಹಿಂದೂಪುರಕ್ಕೆ ದೂರವಲ್ಲದ ಮಧುಗಿರಿ, ಶಿರಾಗಳಿಗೂ ಬಂದಿದ್ದನು. ದಿನದಿನವೂ ಕಂಡದ್ದನ್ನು ಅಂದೇ ಬರೆದಿಡುವುದು ಅವನ ವ್ರತ. ಆ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ರೈತರ ಉಳುವ ಸಾಧನಗಳ ಚಿತ್ರಗಳೂ ಅದರಲ್ಲಿವೆ. ಅವನು ಬಂದದ್ದು ಕುಂಪಣಿಯ ಸರಕಾರದ ಲಾಭಕ್ಕಾಗಿ, ನಮ್ಮ ಪ್ರೀತಿಗಾಗಿ ಅಲ್ಲ. ಆದರೂ ಅಂದಿನ ನೇಗಿಲನ್ನು ಕಾಣಬೇಕಾದರೆ ಇಂದು ಅವನ ಪುಸ್ತಕವನ್ನೇ ತೆರೆಯಬೇಕಾಗಿದೆ. ಆ ನೇಗಿಲಿನಲ್ಲಿ ಉತ್ತವರ ಮನೆಯಲ್ಲಿ ಯಾರೂ ಅದನ್ನು ಬರೆದಿಡಲಿಲ್ಲ.

ಬರೆದಿಡುವ ಅಭ್ಯಾಸವೇ ನಮ್ಮ ಮನೆಗಳಲ್ಲಿ ಇರಲಿಲ್ಲವೆನ್ನಲಾಗದು. ತಾಯಂದಿರೇ, ನಿಮ್ಮ ಅತ್ತೆಯವರ ರಂಗೋಲಿಯ ಪುಸ್ತಕವನ್ನು ನೆನೆಯಿರಿ. ಏಳು ಚುಕ್ಕೆಯಿಂದ ಒಂದಕ್ಕೆ ಇಳಿಯುವುದು ಯಾವುದು, ಸಂಕ್ರಾಂತಿಗೆ ಯಾವುದು, ತುಳಸಿಯ ಮುಂದೆ ಯಾವುದು ಎಂದು ಎಲ್ಲವೂ ಅದರಲ್ಲಿ ಇರುತ್ತಿತ್ತು. ಅಕ್ಷರ ಬಾರದ ಅಜ್ಜಿಯರೂ ಅಂಥ ಪುಸ್ತಕವನ್ನು ಇಟ್ಟಿದ್ದರು. ಅಜ್ಜಿಯ ಪುಸ್ತಕದಲ್ಲಿ ರಂಗೋಲಿ ಬಂದಂತೆ ಮೊಮ್ಮಕ್ಕಳ ಪುಸ್ತಕದಲ್ಲಿ ಮನೆಯೆಲ್ಲವೂ ಬರಲಿ ಎಂಬುದಷ್ಟೇ ನಮ್ಮ ಕೋರಿಕೆ.

ಗೆರೆಯಿಲ್ಲದ ಒಂದು ನೋಟುಪುಸ್ತಕ, ಒಂದು ಸೀಸದ ಕಡ್ಡಿ ಸಾಕು. ಬಣ್ಣದ ಪೆಟ್ಟಿಗೆ ಇಲ್ಲವೆಂದು ಕೊರಗಬೇಡಿರಿ. ಬಣ್ಣವಿದ್ದರೆ ಕಣ್ಣು ಸೋಮಾರಿಯಾಗುವುದೂ ಉಂಟು. ವಸ್ತುವಿನ ಎದುರಿಗೆ ಕುಳಿತು ಬರೆಯಬೇಕು. ಇನ್ನೊಂದು ಚಿತ್ರವನ್ನು ನೋಡಿ ಬರೆಯಬಾರದು, ನೆನಪಿನಿಂದಲೂ ಕೂಡದು. ನೆನಪು ಮಾಡುವ ಮೋಸವನ್ನು ಈಗಾಗಲೇ ಕೇಳಿದ್ದೀರಿ. ದಿನಾಂಕವನ್ನು ಹಾಕಿ, ಒಂದೊಂದು ಭಾಗಕ್ಕೂ ಗೆರೆ ಎಳೆದು ಅದರ ಹೆಸರನ್ನು ಬರೆಯಿರಿ. ಕನ್ನಡದ್ದು, ಪಕ್ಕದಲ್ಲೇ ತೆಲುಗಿನದು. ಹೆಸರು ತಿಳಿಯದಿದ್ದರೆ ಜಾಗವನ್ನು ಖಾಲಿ ಬಿಟ್ಟು ಹಿರಿಯರನ್ನು ಕೇಳಿರಿ. ಮುದಿರೆಡ್ಡಿಪಲ್ಲಿಯ ಮಗ್ಗದ ಮುಂದೆ ಒಂದು ಗಂಟೆ ಕುಳಿತರೆ ಲಾಳಿಯೊಂದೇ ಅಲ್ಲ, ಇನ್ನೂ ಎಷ್ಟೋ ಹೆಸರುಗಳು ನಿಮಗೆ ದೊರೆಯುತ್ತವೆ. ಪಾಠಪುಸ್ತಕದಲ್ಲಿ ಅವು ಇಲ್ಲ.

ಹಿಂದೂಪುರದ ಹೆಣ್ಣುಮಗಳೊಬ್ಬಳ ಪುಸ್ತಕದಲ್ಲಿ ಒಂದು ವಾರದ ಪುಟಗಳೆಲ್ಲ ಬರಿದಾಗಿದ್ದವು, ದಿನಾಂಕ ಮಾತ್ರವಿತ್ತು. ಕಾರಣವನ್ನು ಕೇಳಿದೆವು. "ಮನೆಯಲ್ಲಿ ಬರೆಯುವಂಥದು ಏನೂ ಇಲ್ಲ ಸಾರ್. ಅಮ್ಮ ಕೂಲಿಗೆ ಹುಣಸೆಹಣ್ಣು ಬಿಡಿಸುತ್ತಾಳೆ, ಅಷ್ಟೇ" ಎಂದಳು. ಹಿಂದೂಪುರದ ಪೇಟೆಯ ಹುಣಸೆಹಣ್ಣು ಎಲ್ಲೆಲ್ಲಿಗೋ ಹೋಗುತ್ತದೆ. ಅದರ ಓಡು, ನಾರು, ಬೀಜಗಳನ್ನು ಬೇರ್ಪಡಿಸಿದ ಕೈಗಳನ್ನು ಯಾರೂ ಕಾಣರು. ಆ ಕೈಯನ್ನೇ ಬರೆದು ತಾರಮ್ಮ ಎಂದೆವು. ಮರುವಾರ ತಂದಳು. ಬಲಗೈಯ ಹೆಬ್ಬೆರಳು, ಸವೆದ ಉಗುರು, ಬೆರಳಿನ ಸಂದಿನಲ್ಲಿ ಕಪ್ಪು ಕಲೆ. ಕೆಳಗೆ ಒಂದೇ ಸಾಲು: ಅಮ್ಮನ ಕೈ, ರಾತ್ರಿ ಎಂಟು ಗಂಟೆ. ಆ ತಾಯಿ ಚಿತ್ರವನ್ನು ಕಂಡು, "ನನ್ನ ಕೈ ಇಷ್ಟು ಕೆಟ್ಟಿದೆಯೇನೇ?" ಎಂದು ಕೇಳಿದಳಂತೆ, ಆಮೇಲೆ ಆ ಪುಟವನ್ನು ನೆರೆಮನೆಯವರಿಗೆಲ್ಲ ತೋರಿಸಿಬಂದಳಂತೆ. ಪೋಷಕರಲ್ಲಿ ನಮ್ಮ ಬಿನ್ನಹ ಇದು: ಮಗುವು ಒಲೆಯ ಮುಂದೆ ಪುಸ್ತಕ ಹಿಡಿದು ಕುಳಿತರೆ, ಓದು ಬಿಟ್ಟು ಗೀಚುತ್ತೀಯಾ ಎಂದು ಗದರಬೇಡಿರಿ.

ಇನ್ನು ಎರಡನೆಯ ಹಗ್ಗ. ಕಲ್ಯಾಣದುರ್ಗದ ಕಡೆಯ ಹಳ್ಳಿಯೊಂದರಲ್ಲಿ, ಹರೆಯದಲ್ಲಿ ಕಪಿಲೆ ಹೊಡೆದ ವೃದ್ಧರೊಬ್ಬರು ಇದ್ದಾರೆಂದು ಕೇಳಿ, ಮೊಮ್ಮಗಳನ್ನು ಕರೆದುಕೊಂಡು ಹೋದೆವು. ಅವರಿಗೂ ಮಾತಿನಲ್ಲಿ ಹೇಳಲಾಗಲಿಲ್ಲ. ಜಗುಲಿಯಿಂದ ಇಳಿದು, ಕೋಲಿನಿಂದ ಅಂಗಳದ ಧೂಳಿನಲ್ಲಿ ಬರೆದರು. ಚೀಲಕ್ಕೆ ಮೇಲೊಂದು ಅಗಲವಾದ ಬಾಯಿ, ಕೆಳಗೊಂದು ಸೊಂಡಿಲಿನಂಥ ಬಾಲ. ಬಾಯಿಗೆ ದಪ್ಪ ಮಿಣಿ. ಅದು ಮೇಲಿನ ರಾಟೆಯ ಮೇಲೆ ಹಾಯುತ್ತದೆ. ಬಾಲದ ತುದಿಗೆ ತೆಳುವಾದ ಹಗ್ಗ. ಅದು ತೊಟ್ಟಿಯ ಅಂಚಿನಲ್ಲಿ ಕೆಳಗಿರುವ ಉರುಳೆಯ ಮೇಲೆ ಹಾಯುತ್ತದೆ. ಎರಡನ್ನೂ ನೊಗಕ್ಕೆ ಕಟ್ಟಿದೆ. ಚೀಲ ಏರುವಾಗ ತೆಳು ಹಗ್ಗವು ಬಾಲವನ್ನು ಮಡಿಸಿ ಮೇಲಕ್ಕೆ ಎತ್ತಿ ಹಿಡಿದಿರುತ್ತದೆ, ಆದ್ದರಿಂದ ನೀರು ಚೆಲ್ಲುವುದಿಲ್ಲ. ತೊಟ್ಟಿಯ ಮಟ್ಟಕ್ಕೆ ಬಂದೊಡನೆ ಬಾಯಿಯು ರಾಟೆಯ ಕಡೆಗೆ ಇನ್ನೂ ಮೇಲೇರುತ್ತದೆ, ಬಾಲವು ಉರುಳೆಯನ್ನು ದಾಟಿ ತೊಟ್ಟಿಯೊಳಕ್ಕೆ ಚಾಚಿಕೊಳ್ಳುತ್ತದೆ. ನೀರು ತಾನಾಗಿಯೇ ಧುಮುಕುತ್ತದೆ. ಯಾರೂ ಕೈ ಹಚ್ಚಬೇಕಾಗಿಲ್ಲ.

ಮೊಮ್ಮಗಳು ಧೂಳಿನ ಚಿತ್ರವನ್ನು ಪುಸ್ತಕಕ್ಕೆ ಇಳಿಸಿ, ಭಾಗ ಭಾಗಕ್ಕೂ ಗೆರೆ ಎಳೆದು ಹೆಸರನ್ನು ಕೇಳುತ್ತಾ ಹೋದಳು. ಕೆಳಗಿನ ಉರುಳೆಯ ಬಳಿ ವೃದ್ಧರು ತಡೆದರು. "ಅದಕ್ಕೊಂದು ಹೆಸರಿತ್ತು ಮಗಾ. ನಾಲಗೆಯ ತುದಿಯಲ್ಲೇ ಇದೆ" ಎಂದು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರು. ಬರಲಿಲ್ಲ. ಅಷ್ಟರಲ್ಲಿ ಕೋಳಿಯೊಂದು ಬಂದು ಅಂಗಳದ ಚಿತ್ರವನ್ನು ಕೆದರಿಹಾಕಿತು. ಆ ಪುಸ್ತಕವನ್ನು ಇಂದು ತಂದಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲಿದೆ. ಉರುಳೆಯ ಎದುರಿನ ಗೆರೆಯ ಮುಂದೆ ಜಾಗವು ಖಾಲಿಯಾಗಿದೆ. ಈ ರಾತ್ರಿ ಮನೆಗೆ ಹೋಗಿ ನಿಮ್ಮ ನಿಮ್ಮ ತಾತಂದಿರನ್ನು ಕೇಳಿರಿ. ಹೆಸರು ದೊರೆತವರು ನಾಳೆ ಶಾಲೆಗೆ ಬಂದು ಅಲ್ಲಿ ಬರೆದುಹೋಗಬೇಕೆಂದು ಪ್ರಾರ್ಥನೆ.