ಮೋಟಾರಿನ ಕೈಪಿಡಿ



ಹೊಸ ಮೋಟಾರನ್ನು ಮನೆಗೆ ತಂದ ದಿನ ಅದಕ್ಕೆ ಅರಿಶಿನ ಕುಂಕುಮವಿಟ್ಟು, ಚಕ್ರದಡಿಯಲ್ಲಿ ನಿಂಬೆಹಣ್ಣಿರಿಸಿ ಪೂಜಿಸುತ್ತೇವೆ. ಅದರೊಡನೆ ಬಂದ ಕೈಪಿಡಿಯನ್ನು ಮಾತ್ರ ತೆರೆದೂ ನೋಡದೆ ಒಳಗಿಟ್ಟುಬಿಡುತ್ತೇವೆ. “ಇಪ್ಪತ್ತು ವರ್ಷದಿಂದ ಗಾಡಿ ನಡೆಸುತ್ತಿದ್ದೇನೆ, ಪುಸ್ತಕವೇಕೆ?” ಎನ್ನುವವರೂ ಉಂಟು. ನಡೆಸುವ ವಿದ್ಯೆ ಎಲ್ಲ ವಾಹನಗಳಿಗೂ ಹೆಚ್ಚುಕಡಿಮೆ ಒಂದೇ. ಆದರೆ ಒಂದೊಂದು ವಾಹನದ ಧರ್ಮ ಬೇರೆ ಬೇರೆ. ಅದನ್ನು ಬಲ್ಲವರು ನಿರ್ಮಿಸಿದವರೇ.

ಟೈರಿನ ಗಾಳಿಯನ್ನೇ ನೋಡಿರಿ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಒತ್ತಡ ಅದು ತಾಳಬಲ್ಲ ಗರಿಷ್ಠ ಮಿತಿಯೇ ಹೊರತು ನಾವು ತುಂಬಿಸಬೇಕಾದ ಪ್ರಮಾಣವಲ್ಲ. ತಕ್ಕ ಪ್ರಮಾಣವನ್ನು ಕೈಪಿಡಿ ಹೇಳುತ್ತದೆ. ಅದನ್ನು ಅಳೆಯಬೇಕಾದುದು ಟೈರು ತಣ್ಣಗಿರುವಾಗ. ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದರೆ “ಮನೆ ಸೇರಿ ನೋಡೋಣ” ಎನ್ನಲಾಗದು. ಒಡನೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು.

ಇನ್ನೊಂದು, ಪ್ರಾಣದ ಮಾತು. 2021ರ ಏಪ್ರಿಲ್ 1ರಿಂದ ನಮ್ಮ ದೇಶದ ಹೊಸ ಮಾದರಿಯ ಕಾರುಗಳಲ್ಲಿ ಚಾಲಕನ ಪಕ್ಕದ ಆಸನಕ್ಕೂ ಗಾಳಿಚೀಲ, ಎಂದರೆ ಏರ್‌ಬ್ಯಾಗ್, ಕಡ್ಡಾಯವಾಯಿತು. ದೊಡ್ಡವರನ್ನು ಕಾಯುವ ಆ ಚೀಲವೇ, ಹಿಮ್ಮುಖವಾದ ಶಿಶುಪೀಠವನ್ನು ಅಲ್ಲಿಟ್ಟಿದ್ದರೆ, ಅಪಘಾತದ ಕ್ಷಣದಲ್ಲಿ ರಭಸದಿಂದ ಉಬ್ಬಿ ಪೀಠಕ್ಕೆ ಬಡಿದು ಕೂಸಿನ ಪ್ರಾಣವನ್ನೇ ತೆಗೆಯಬಹುದು. ಮಗು ಕಣ್ಣೆದುರಿಗಿರಲಿ ಎಂದು ಮುಂದೆ ಕೂರಿಸುವ ತಂದೆತಾಯಿಗಳಿಗೆ ಇದು ತಾನಾಗಿ ಹೊಳೆಯುವ ವಿಷಯವಲ್ಲ, ಓದಿಯೇ ತಿಳಿಯಬೇಕು.

ಬರುವ ಭಾನುವಾರ ಅರ್ಧ ಗಂಟೆ ಆ ಪುಸ್ತಕಕ್ಕೆ ಮೀಸಲಿಡಿರಿ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಎಚ್ಚರಿಕೆಯ ದೀಪಗಳು, ಟೈರು, ಮಕ್ಕಳ ಆಸನ—ಈ ಮೂರನ್ನು ಮೊದಲು ಓದಿರಿ. ಪೂಜೆಯಷ್ಟೇ ಶ್ರದ್ಧೆ ಓದಿಗೂ ಸಲ್ಲಲಿ.