ಅಂಗಾಲನ್ನೂ ನೋಡಬೇಕು

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮಗೇಕೆ ಎಂದು ನೀವು ಕೇಳಬಹುದು. ಮಾತು ಅರ್ಧ ನಿಜ. ನಮ್ಮ ಚರ್ಮಕ್ಕೆ ಕಂದುಬಣ್ಣ ಕೊಡುವ ಮೆಲನಿನ್, ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಜೀವಕೋಶಗಳನ್ನು ಕಾಯುತ್ತದೆ. ಆದರೆ ಮೆಲನೋಮ ಎಂಬ ಉಗ್ರ ಬಗೆ ನಮ್ಮಂಥವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ಅಷ್ಟಾಗಿ ತಾಗದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿ ಅವರಿಗೆ 1977ರಲ್ಲಿ ಅದು ಪತ್ತೆಯಾದದ್ದು ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ. 1981ರಲ್ಲಿ, 36ನೆಯ ವಯಸ್ಸಿಗೇ ಅವರು ತೀರಿಕೊಂಡರು.

ಧಾರವಾಡದ ಎರೆಹೊಲಗಳಲ್ಲಿ ಬರಿಗಾಲಲ್ಲಿ ದುಡಿದ ಹಿರಿಯರು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳಿನ ಗಾಯವೆಂದೋ ಆಣಿಯೆಂದೋ ಬಿಟ್ಟುಬಿಡಬಹುದು. ಕಲೆ ಹರಡುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಬಣ್ಣ ಒಂದೇ ಸಮನಾಗಿರದಿದ್ದರೆ ತಡಮಾಡಬೇಡಿ. ಹಳೆಯ ಸುಟ್ಟಗಾಯದ ಕಲೆಯಲ್ಲಿ, ಅಥವಾ ಒಳಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿದ ಸೊಂಟದಲ್ಲಿ ಎದ್ದ ಮಾಯದ ಹುಣ್ಣು ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಇದ್ದೀತು. (ಲಾಡಿಯ ಬದಲು ಅಗಲವಾದ ಪಟ್ಟಿ ಹಾಕಿ ಸಡಿಲವಾಗಿ ಕಟ್ಟಿಕೊಳ್ಳಲು ತಾಯಂದಿರಿಗೆ ಹೇಳಿ.)

ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎಂಬ ಹೆಸರಿದ್ದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ವೈದ್ಯರು ಚೂರು ಚರ್ಮ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ, ಇದೇ ಬಯಾಪ್ಸಿ. ಚಾಕು ಮುಟ್ಟಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಆರಂಭದಲ್ಲೇ ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ತೆಗೆದರೆ ಬಹುಮಟ್ಟಿಗೆ ಗುಣವಾಗುತ್ತದೆ. ಸಂಕೋಚದಿಂದ ಕಳೆದ ತಿಂಗಳುಗಳಲ್ಲೇ ಅದು ತೊಡೆಸಂದಿನ ಗ್ರಂಥಿಗಳಿಗೆ ಇಳಿಯುವುದು.

ಇಂದು ರಾತ್ರಿ ಅಜ್ಜನ ಕಾಲು ಒತ್ತುವಾಗ ದೀಪ ಹತ್ತಿರ ಹಿಡಿದು ಅಂಗಾಲು, ಉಗುರು ನೋಡಿ.