ಕಲಿಸುವುದನ್ನು ಕಲಿಯುವುದು

(ಬಾನುಲಿ ಭಾಷಣ)



ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಆಕೆ ಕನ್ನಡ ಅಧ್ಯಾಪಕಿ. ಕನ್ನಡ ಎಂ.ಎ. ಆಗಿತ್ತು, ಬಿ.ಇಡಿ. ಆಗಿತ್ತು, ಹನ್ನೆರಡು ವರ್ಷಗಳ ಅನುಭವವೂ ಆಗಿತ್ತು. “ಸರ್, ಎಂ.ಇಡಿ. ಓದಬೇಕೆಂದಿದ್ದೇನೆ” ಎಂದಳು. ನಾನು ನಕ್ಕೆ. “ಹನ್ನೆರಡು ವರ್ಷ ಪಾಠ ಹೇಳಿದ ಮೇಲೆ ಪಾಠ ಹೇಳುವುದನ್ನು ಕಲಿಯಲು ಹೊರಟೆಯೇನಮ್ಮ?” ಎಂದುಬಿಟ್ಟೆ. ಆಕೆ ಮರುಮಾತಾಡಲಿಲ್ಲ, ಕಾಫಿ ಕುಡಿದು ಹೊರಟುಹೋದಳು. ಅಂದಿನ ನನ್ನ ನಗೆಯ ವಿಷಯವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬಿ.ಇಡಿ. ಎಂಬುದು ತರಗತಿಯ ಮುಂದೆ ನಿಲ್ಲುವುದನ್ನು ಕಲಿಸುವ ವ್ಯಾಸಂಗ. ಪಾಠಯೋಜನೆ, ಕಪ್ಪುಹಲಗೆಯ ಬಳಕೆ, ಪ್ರಶ್ನೆಪತ್ರಿಕೆಯ ರಚನೆ ಇವೆಲ್ಲ ಅಲ್ಲಿ ಬರುತ್ತವೆ. ಎಂ.ಇಡಿ. ಅದಕ್ಕಿಂತ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಮಗು ಏಕೆ ಕಲಿಯಿತು, ಏಕೆ ಕಲಿಯಲಿಲ್ಲ ಎಂದು ಕೇಳುತ್ತದೆ. ಶಿಕ್ಷಣದ ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಂಶೋಧನ ವಿಧಾನಗಳನ್ನು ಓದಿ, ಕೊನೆಗೆ ಒಂದು ಸಂಪ್ರಬಂಧವನ್ನು ಬರೆಯಬೇಕು. ಬಹುಕಾಲ ಇದು ಒಂದು ವರ್ಷದ ವ್ಯಾಸಂಗವಾಗಿತ್ತು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು 2014ರಲ್ಲಿ ರೂಪಿಸಿದ ನಿಯಮಗಳಿಂದ, 2015ರಿಂದಾಚೆಗೆ ಬಿ.ಇಡಿ.ಯೂ ಎಂ.ಇಡಿ.ಯೂ ಎರಡೆರಡು ವರ್ಷಗಳಾದುವು. ಸಂಸಾರವಂದಿಗರಾದ ಅಧ್ಯಾಪಕರಿಗೆ ಎರಡು ವರ್ಷವೆಂದರೆ ಸಣ್ಣ ಮಾತಲ್ಲ.

ನಮ್ಮ ನಾಡಿಗೆ ಈ ಶಾಸ್ತ್ರ ಹೊಸದೇನೂ ಅಲ್ಲ. ಮೈಸೂರಿನಲ್ಲಿ 1963ರಷ್ಟು ಹಿಂದೆಯೇ ಪ್ರಾದೇಶಿಕ ಶಿಕ್ಷಣ ಕಾಲೇಜು ಸ್ಥಾಪನೆಯಾಯಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು, ಅಧ್ಯಾಪಕರ ತರಬೇತಿಯು ಒಂದು ಕಡೆ ವಿಶ್ವವಿದ್ಯಾನಿಲಯಗಳಿಂದಲೂ ಇನ್ನೊಂದು ಕಡೆ ಶಾಲೆಗಳಿಂದಲೂ ದೂರವಾಗಿ ಉಳಿದಿದೆಯೆಂದು ಎಚ್ಚರಿಸಿತು. ಬೆಂಗಳೂರಿನ ಹೊರವಲಯದಲ್ಲಿ ಈ ವಿದ್ಯೆ ಕಾಲಿಟ್ಟ ಬಗೆಯೂ ಸ್ವಾರಸ್ಯವಾದುದು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ, ಆರ್.ಕೆ. ಬಾಳಿಗರ ಕನಸಿನಂತೆ, 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಅಗ್ರಹಾರವೆಂದರೆ ವಿದ್ವಾಂಸರಿಗೆ ದತ್ತಿಯಾಗಿ ಕೊಟ್ಟ ಊರು. ಗಣಕಯಂತ್ರಗಳ ಆ ನಗರಿಯಲ್ಲಿ 2011ರಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವು ಶಿಕ್ಷಣದಲ್ಲಿ ಎಂ.ಎ. ತರಗತಿಗಳನ್ನು ಪ್ರಾರಂಭಿಸಿತು, ಬಿ.ಇಡಿ. ಆಗದವರಿಗೂ ಅಲ್ಲಿ ಪ್ರವೇಶವುಂಟು. ಮುಂದೆ ಅದು ಸರ್ಜಾಪುರದ ಕಡೆಗೆ ಹೋಯಿತು. ಆದರೂ ಕೆಲವು ವರ್ಷಗಳ ಮಟ್ಟಿಗೆ ಅಗ್ರಹಾರದ ಆ ನೆಲಕ್ಕೆ ಹಳೆಯ ಋಣ ಸಂದಾಯವಾದಂತಾಯಿತೆಂದು ನಾನು ಭಾವಿಸಿದ್ದೇನೆ.

ಇನ್ನು ನನ್ನ ನಗೆಯ ಮೂಲವನ್ನು ನೋಡೋಣ. ಹತ್ತು ವರ್ಷದ ಮಕ್ಕಳಿಗೆ ಪಾಠ ಹೇಳುವವರು ತರಬೇತಿ ಪಡೆದಿರಬೇಕು. ಇಪ್ಪತ್ತು ವರ್ಷದವರಿಗೆ ಹೇಳುವವರಿಗೆ ಅದರ ಅಗತ್ಯವಿಲ್ಲ. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ. ಎಂ.ಎ. ಮುಗಿಸಿದ ಮರುವರ್ಷವೇ ನಾನು ಸುಣ್ಣದ ಕಡ್ಡಿ ಹಿಡಿದು ಕಾಲೇಜಿನ ವೇದಿಕೆ ಹತ್ತಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದೆ. ಕಲಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ನನ್ನ ಶಿಷ್ಯೆ ಮಾತ್ರ ನನ್ನ ನಗೆಯನ್ನು ಲೆಕ್ಕಿಸದೆ ರಜೆ ಹಾಕಿ, ಸಂಬಳ ಬಿಟ್ಟು, ಎಂ.ಇಡಿ.ಗೆ ಸೇರಿದಳು. ಸಂಪ್ರಬಂಧಕ್ಕಾಗಿ ತಾನು ಪಾಠ ಹೇಳಿದ ಶಾಲೆಗೇ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತಳು. ಪೀಣ್ಯದ ಲೇತು ಯಂತ್ರಗಳ ಮುಂದೆ, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು ಅಲ್ಲಿದ್ದರು. ರಾಯಚೂರು, ಕಲಬುರಗಿಗಳಿಂದ ಬಂದವರು ಕೆಲವರು. ಅನಂತಪುರ, ಒಡಿಶಾ, ಬಿಹಾರಗಳಿಂದ ಬಂದವರು ಕೆಲವರು. ಒಂದು ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು, “ಅಮ್ಮ ಬಂತು” ಎಂದ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತುಬಿಟ್ಟ. ಅವನ ಪಕ್ಕದ ಒಡಿಯಾ ಹುಡುಗ ತನ್ನ ತಂಗಿಯನ್ನು “ಅವನು” ಎನ್ನುತ್ತಿದ್ದನಂತೆ. ಅವನು ಬಹಳ ಮೊದಲೇ ಬಾಯಿ ಮುಚ್ಚಿಕೊಂಡಿದ್ದ.

ನನ್ನ ಶಿಷ್ಯೆ ಆ ತಪ್ಪುಗಳನ್ನು ಬರೆದಿಟ್ಟುಕೊಂಡು ವಿಂಗಡಿಸಿದಳು. ಅವು ಅಡ್ಡಾದಿಡ್ಡಿ ತಪ್ಪುಗಳಾಗಿರಲಿಲ್ಲ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಎಂದು ಮೂರು ರೂಪಗಳು. ತೆಲುಗಿನ ಏಕವಚನದಲ್ಲಿ ಗಂಡಸರಿಗೆ ಒಂದು ರೂಪ. ಹೆಂಗಸರಿಗೂ ಪ್ರಾಣಿ, ವಸ್ತುಗಳಿಗೂ ಸೇರಿ ಇನ್ನೊಂದು. ಅಮ್ಮ ಬಂದರೂ ಬಸ್ಸು ಬಂದರೂ ಅಲ್ಲಿ “ವಚ್ಚಿಂದಿ”ಯೇ. ಒಡಿಯಾದಲ್ಲಿ ಅವನಿಗೂ ಅವಳಿಗೂ “ಸೆ” ಎಂಬ ಒಂದೇ ಸರ್ವನಾಮ. ಮಕ್ಕಳು ಮನೆಯ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದರು. ಇದನ್ನು ಅರಿತ ಮೇಲೆ, ಮುಂದೆ ಪಾಠಕ್ಕೆ ಮರಳಿದಾಗ, ಆಕೆ ಆ ಹುಡುಗರಿಂದಲೇ ಅವರ ಮನೆಮಾತಿನ ವಾಕ್ಯಗಳನ್ನು ಹೇಳಿಸಿ, ಕಪ್ಪುಹಲಗೆಯ ಮೇಲೆ ಕನ್ನಡದ ರೂಪಗಳ ಪಕ್ಕದಲ್ಲಿ ಬರೆದಳು. ನಕ್ಕಿದ್ದ ಮಕ್ಕಳೇ ಅವನ್ನು ಕಲಿಯತೊಡಗಿದರಂತೆ.

ಆಕೆ ತನ್ನ ಸಂಪ್ರಬಂಧವನ್ನು ನನಗೆ ತಂದುಕೊಟ್ಟ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರಲ್ಲಿದ್ದ ವ್ಯಾಕರಣ ನನಗೆ ಹೊಸದಲ್ಲ. ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ 1856ರ ಕಾಲದಿಂದಲೂ ವಿದ್ವಾಂಸರಿಗೆ ಪರಿಚಿತವಾದ ವಿಚಾರವದು. ಎಂ.ಎ. ತರಗತಿಗಳಲ್ಲಿ ಅದನ್ನು ನಾನೇ ಎಷ್ಟೋ ಸಲ ಪಾಠ ಹೇಳಿದ್ದೇನೆ. ಆದರೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಾಗೇಪಲ್ಲಿಯ ಕಡೆಯ ಹುಡುಗನೊಬ್ಬ ಪದವಿ ತರಗತಿಯಲ್ಲಿ “ನಮ್ಮಮ್ಮ ಬಂದಿದೆ ಸರ್” ಎಂದಿದ್ದ. “ನಿಮ್ಮ ತಾಯಿ ನಪುಂಸಕಲಿಂಗವೇನಯ್ಯಾ?” ಎಂದು ನಾನು ಕೇಳಿದ್ದೆ. ಎಲ್ಲರೂ ನಕ್ಕರು, ನನ್ನ ವಿನೋದಪ್ರಜ್ಞೆಗೆ ನಾನೇ ಮೆಚ್ಚಿಕೊಂಡೆ. ಆ ಹುಡುಗ ಆಮೇಲೆ ಮೂರು ವರ್ಷ ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದಿನ ದೊಣ್ಣೆ ನನ್ನ ಕೈಯಲ್ಲಿತ್ತು. ನನಗೆ ಶಾಸ್ತ್ರ ಗೊತ್ತಿತ್ತು, ಎದುರಿಗಿದ್ದ ಹುಡುಗ ಗೊತ್ತಿರಲಿಲ್ಲ.

ಎಂ.ಇಡಿ. ಓದಿದವರೆಲ್ಲ ಒಳ್ಳೆಯ ಅಧ್ಯಾಪಕರಾಗುತ್ತಾರೆಂದು ನಾನು ಹೇಳಲಾರೆ. ಬಡ್ತಿಗಾಗಿ ಓದುವವರಿದ್ದಾರೆ, ಹಳೆಯ ಸಂಪ್ರಬಂಧಗಳನ್ನು ಎದುರಿಗಿಟ್ಟುಕೊಂಡು ಹೊಸದನ್ನು ಹೊಸೆಯುವವರೂ ಇದ್ದಾರೆ. ಚೆನ್ನಾಗಿ ಬರೆದ ಪ್ರಬಂಧಗಳ ಗತಿಯೂ ಬಹುಮಟ್ಟಿಗೆ ಗ್ರಂಥಾಲಯದ ಬೀರುವೇ. ನನ್ನ ಶಿಷ್ಯೆ ತನ್ನ ಪ್ರಬಂಧವನ್ನು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದ ಮಕ್ಕಳ, ಕನ್ನಡದ ಪಾಠದ ವಿಷಯವಾದರೂ ಅದನ್ನು ಆಕೆಯ ಶಾಲೆಯ ಸಹೋದ್ಯೋಗಿಗಳು ಓದಲಿಲ್ಲ. ಇಂಥ ಪ್ರತಿಯೊಂದು ಪ್ರಬಂಧದ ಸಾರವೂ ಹತ್ತು ಪುಟಗಳ ಸರಳ ಕನ್ನಡದಲ್ಲಿ ಆಯಾ ಶಾಲೆಗೆ ತಲುಪಬೇಕೆಂದು ನಿಯಮ ಮಾಡಿದರೆ, ಕೊಠಾರಿ ಆಯೋಗ ಹೇಳಿದ ಆ ದೂರ ಸ್ವಲ್ಪವಾದರೂ ಕಡಮೆಯಾದೀತು. ಓದಲು ಹೊರಡುವ ಅಧ್ಯಾಪಕರು ಸಂಬಳವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ನನ್ನ ವೇಳೆ ಮುಗಿಯುತ್ತ ಬಂದಿತು. ಬಾಗೇಪಲ್ಲಿಯ ಕಡೆಯ ಆ ಹುಡುಗ ಈಗ ಎಲ್ಲಿದ್ದಾನೋ ಕಾಣೆ. ಅವನಿಗೂ ಈಗ ಐವತ್ತು ದಾಟಿರಬೇಕು. ಈ ಮಾತುಗಳು ಅವನ ಕಿವಿಗೆ ಬಿದ್ದಿದ್ದರೆ, ಅಂದು ಅವನು ಹೇಳಿದ್ದರಲ್ಲಿ ನಗುವಂಥದು ಏನೂ ಇರಲಿಲ್ಲವೆಂದು ಅವನ ಹಳೆಯ ಮೇಷ್ಟ್ರು ತಡವಾಗಿ ತಿಳಿದುಕೊಂಡಿದ್ದಾರೆಂದು ಅವನಿಗೆ ಗೊತ್ತಾಗಲಿ.